ಒಂದು ಕಾರ್ಡು, ಹಲವು ವಿಳಾಸ

ಲಿನಕ್ಸ್ ಯಂತ್ರದಲ್ಲಿ ಒಂದೇ ನೆಟ್‌ವರ್ಕ್ ಕಾರ್ಡಿಗೆ ಕೊಟ್ಟ ಹಲವು ಐಪಿ ವಿಳಾಸಗಳು ಯಂತ್ರವನ್ನು ಆರಿಸಿ ಮರಳಿ ಹಚ್ಚಿದಾಗಲೂ ಅಳಿಯದೆ ಉಳಿಯಬೇಕಾದರೆ ಅವನ್ನು ಯಾವ ಕಡತದಲ್ಲಿ ಬರೆದಿಡಬೇಕೆಂಬುದನ್ನು ಈ ವಾರದ ಅಂಕಣದಲ್ಲಿ ವಿವರಿಸುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆ. ಡೆಬಿಯನ್ ವಂಶದವರಿಗೆ ಇಂಟರ್‌ಫೇಸಸ್ ಕಡತ, ಉಬುಂಟು ಸರ್ವರಿನವರಿಗೆ ನೆಟ್‌ಪ್ಲಾನ್, ರೆಡ್‌ಹ್ಯಾಟ್ ಬಳಗದವರಿಗೆ ನೆಟ್‌ವರ್ಕ್‌ಮ್ಯಾನೇಜರ್ ಎಂದಷ್ಟು ಹೇಳಿದರೆ ನಿತ್ಯದ ವಾಚಕರಿಗೆ ಸಾಕು. ಉಳಿದ ಸ್ಥಳವು ಕೋಲನ್ ಪಂಥದವರಿಗೆ ಮೀಸಲು, ಏಕೆಂದರೆ ಅವರೊಡನೆ ನನಗೊಂದು ಹಳೆಯ ಲೆಕ್ಕವಿದೆ.

ಐಎಫ್‌ಕಾನ್ಫಿಗ್ ಎಂಬ ಹಳೆಯ ಆಜ್ಞೆಯನ್ನು ಬಳಸಿ ‘ಈಥ್0:1’, ‘ಈಥ್0:2’ ಎಂದು ಹೆಸರಿಟ್ಟೊಡನೆ ಯಂತ್ರದೊಳಗೆ ಅಷ್ಟೇ ಸಂಖ್ಯೆಯ ಹೊಸ ಕಾರ್ಡುಗಳು ಉದ್ಭವಿಸಿದುವೆಂದು ನಂಬುವವರೇ ಈ ಪಂಥದವರು. ಆದರೆ 1999ರ ಜನವರಿಯಲ್ಲಿ 2.2ನೆಯ ಕರ್ನೆಲ್ ಬಂದಂದಿನಿಂದ ಆ ಹೆಸರು ಕೇವಲ ಒಂದು ಚೀಟಿ. ಅಲೆಕ್ಸಿ ಕುಜ್ನೆತ್ಸೊವರ ಐಪಿರೂಟ್2 ಉಪಕರಣದ ‘ಐಪಿ ಅಡ್ರೆಸ್ ಆಡ್’ ಆಜ್ಞೆಗೆ ಆ ಚೀಟಿಯ ಅಗತ್ಯವೇ ಇಲ್ಲ. ಕರ್ನೆಲ್ಲಿನೊಡನೆ ಬರುವ ದಾಖಲೆಯೇ ಕೋಲನ್ ಹೆಸರಿನ ಕ್ರಮವನ್ನು ಗತಕಾಲದ್ದೆಂದು ಸಾರಿ, ಹಳಬರ ಅನುಕೂಲಕ್ಕಾಗಿ ಮಾತ್ರ ಉಳಿಸಿಕೊಂಡಿದೆಯೆಂದು ಹೇಳುತ್ತದೆ. ‘ಈಥ್0:1’ರ ಮೇಲೆ ಐಪಿಟೇಬಲ್ಸ್ ಎಂಬ ಫೈರ್‌ವಾಲ್ ಉಪಕರಣದ ನಿಯಮ ಬರೆಯಹೊರಟವನನ್ನು, ಇಂಥ ಚಿಹ್ನೆ ಕಾರ್ಡಿನ ಹೆಸರಿನಲ್ಲಿ ಸಲ್ಲದೆಂದು ಆ ಉಪಕರಣದ ಹಳೆಯ ಆವೃತ್ತಿಗಳೇ ಎಚ್ಚರಿಸುತ್ತಿದ್ದುವು; ಎಚ್ಚರಿಕೆ ಬಂದರೂ ಬಾರದಿದ್ದರೂ ಹಾಗೆ ಬರೆದ ನಿಯಮಕ್ಕೆ ಒಂದು ಪ್ಯಾಕೆಟ್ಟೂ ಸಿಕ್ಕುವುದಿಲ್ಲ, ಏಕೆಂದರೆ ಬಂದುದೆಲ್ಲವೂ ‘ಈಥ್0’ರ ಮೂಲಕವೇ ಬಂದಿರುತ್ತದೆ.

ಹಲವು ವಿಳಾಸಗಳ ಈ ಹಂಬಲ ಹುಟ್ಟಿದುದು ಅಕಾರಣವಾಗಿಯಲ್ಲ. ಬೇಡಿಕೆಯೊಡನೆ ತಾಣದ ಹೆಸರನ್ನೂ ಕಳುಹಿಸುವ ಕ್ರಮವು 1997ರ ಎಚ್‌ಟಿಟಿಪಿ 1.1ರಲ್ಲಿ ವಿಧಿಯಾಗುವ ಮುನ್ನ ಒಂದೊಂದು ಜಾಲತಾಣಕ್ಕೂ ಒಂದೊಂದು ಐಪಿ ಬೇಕಿತ್ತು. ಗೂಢಲಿಪಿಯ ತಾಣಗಳಿಗಂತೂ, ತಾಣದ ಹೆಸರನ್ನು ಸಂಪರ್ಕದ ಆರಂಭದಲ್ಲೇ ತಿಳಿಸುವ ಎಸ್‌ಎನ್‌ಐ ಕ್ರಮವು 2003ರಲ್ಲಿ ನಿರೂಪಿತವಾಗಿ ಅನಂತರ ನಿಧಾನವಾಗಿ ಬಳಕೆಗೆ ಬರುವವರೆಗೂ ಆ ನಿರ್ಬಂಧ ತಪ್ಪಲಿಲ್ಲ.

ವಿಳಾಸವೆಂಬುದು ವಸ್ತುವಲ್ಲ, ವಸ್ತುವಿನ ಬಗೆಗಿನ ದಾಖಲೆ. ಇದರಲ್ಲಿ ಸಂಶಯವಿದ್ದವರು ತಮಿಳುನಾಡಿನ ಹೊಸೂರಿನ ಬಳಿಯ ತೊರಪಳ್ಳಿಯನ್ನು ನೋಡಬೇಕು. 1878ರಲ್ಲಿ ರಾಷ್ಟ್ರನಾಯಕ ರಾಜಾಜಿಯವರು ಅಲ್ಲಿ ಜನಿಸಿದಾಗ ಆ ಊರು ಸೇಲಂ ಜಿಲ್ಲೆಯದು. 1965ರ ಅಕ್ಟೋಬರ್ 2ರಂದು ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾದಾಗ ಅದು ಧರ್ಮಪುರಿಯದಾಯಿತು. 2004ರ ಫೆಬ್ರವರಿ 9ರಂದು ಧರ್ಮಪುರಿಯೂ ಒಡೆದಾಗ ಅದು ಕೃಷ್ಣಗಿರಿಯದಾಯಿತು. ಇಷ್ಟಾದರೂ ತೊರಪಳ್ಳಿ ಮೂರು ಊರಾಗಲಿಲ್ಲ, ನಿಂತ ನೆಲದಿಂದ ಕದಲಲೂ ಇಲ್ಲ. ರಾಜಾಜಿಯವರ ಜೀವನಚರಿತ್ರೆಗಳಲ್ಲಿ ಬೇರೆ ಬೇರೆ ಜಿಲ್ಲೆಯ ಹೆಸರನ್ನು ಕಂಡು ಕಲಹಕ್ಕಿಳಿಯುವವರೂ ಕೋಲನ್ ಪಂಥದವರೂ ಒಂದೇ ಗುರುವಿನ ಶಿಷ್ಯರು.

ಆದರೆ ಲಿನಕ್ಸಿನಲ್ಲಿ ವಿಳಾಸಗಳೆಲ್ಲವೂ ಸಮಾನವಲ್ಲ. ಒಂದೇ ಉಪಜಾಲದಲ್ಲಿ (ಸಬ್‌ನೆಟ್) ಮೊದಲು ಸೇರಿದುದು ಪ್ರಧಾನ, ಆಮೇಲೆ ಸೇರಿದುವು ಗೌಣ. ಬೇರೆ ಏನನ್ನೂ ವಿಧಿಸದಿದ್ದಲ್ಲಿ ಹೊರಹೋಗುವ ಪ್ಯಾಕೆಟ್ಟು ಪ್ರಧಾನದ ಹೆಸರನ್ನೇ ಹೊತ್ತು ಹೋಗುತ್ತದೆ. ಆ ಪ್ರಧಾನವನ್ನು ಅಳಿಸಿದೊಡನೆ ಅದೇ ಉಪಜಾಲದ ಗೌಣಗಳೆಲ್ಲವೂ ಸಹಗಮನ ಮಾಡುವುದು ಕರ್ನೆಲ್ಲಿನ ಮೂಲ ಧರ್ಮ. ‘ಪ್ರಮೋಟ್ ಸೆಕೆಂಡರೀಸ್’ ಎಂಬ ಸೂಚಕ 1 ಆಗಿದ್ದರೆ ಮಾತ್ರ ಗೌಣಗಳಲ್ಲಿ ಮೊದಲನೆಯದು ಪಟ್ಟಕ್ಕೇರಿ ಉಳಿದುವನ್ನು ಕಾಪಾಡುತ್ತದೆ. ಯಂತ್ರದ ಸೇವೆಗಳನ್ನು ಹಚ್ಚುವ ಸಿಸ್ಟಮ್‌ಡಿ ತನ್ನೊಡನೆ ತರುವ ನಿಯಮಾವಳಿಯಲ್ಲಿ ಇದನ್ನು 1 ಎಂದೇ ಇರಿಸಿರುವುದರಿಂದ ಇಂದಿನ ಅನೇಕ ಯಂತ್ರಗಳಲ್ಲಿ ಈ ಅನರ್ಥ ಸಂಭವಿಸುವುದಿಲ್ಲ. ಆದರೆ ಹಳೆಯ ಸರ್ವರುಗಳ ವಿಷಯದಲ್ಲಿ ಈ ಭರವಸೆ ಸಲ್ಲದು.

ಆದುದರಿಂದ ವಾಚಕರು ಯಾವ ವಿಳಾಸವನ್ನು ಅಳಿಸುವ ಮುನ್ನವೂ ‘ಐಪಿ ಅಡ್ರೆಸ್ ಶೋ’ ಎಂದು ಕೇಳಿ, ‘ಸೆಕೆಂಡರಿ’ ಎಂಬ ಗುರುತು ಯಾವುದಕ್ಕಿದೆ, ಯಾವುದಕ್ಕಿಲ್ಲವೆಂಬುದನ್ನು ಓದಿಕೊಳ್ಳಲಿ. ಫೈರ್‌ವಾಲ್ ನಿಯಮಗಳನ್ನು ಚೀಟಿಯ ಮೇಲಲ್ಲ, ವಿಳಾಸದ ಮೇಲೆ ಬರೆಯಲಿ.