‘ಪರದಾರಸೋದರ’ ಬಿರುದು ಮತ್ತು ಅರಮನೆಯ ಗುಟ್ಟು: ಕುಮಾರರಾಮನ ಸಾಂಗತ್ಯಗಳ ಸ್ತ್ರೀಲೋಕ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನೊಳಗೊಂಡು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಶಾಸನ, ಕೋಟೆ, ದೇಗುಲಗಳಿಗೆ ಹೆಸರಾದುದು. ಆದರೆ ಈ ಸೀಮೆಯ ಕುಮ್ಮಟದುರ್ಗವು ಕಲ್ಲಿನಲ್ಲಿ ಉಳಿದುದಕ್ಕಿಂತ ಹಾಡಿನಲ್ಲಿ ಉಳಿದುದೇ ಹೆಚ್ಚು. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು 16ನೆಯ ಶತಮಾನದ ನಂಜುಂಡ ಕವಿ, ಆತನ ತರುವಾಯ ಪಾಂಚಾಳ ಗಂಗ ಮೊದಲಾದವರು ಸಾಂಗತ್ಯದಲ್ಲಿ ಹಾಡಿದರು. ಜಿ. ವರದರಾಜರಾವ್ ಅವರು ಈ ಸಾಂಗತ್ಯಗಳನ್ನು ಸಾಹಿತ್ಯದ ದೃಷ್ಟಿಯಿಂದಲೂ ಎನ್. ವೆಂಕಟರಮಣಯ್ಯನವರು ಕಂಪಿಲಿಯ ಚರಿತ್ರೆಯನ್ನು ವಿಜಯನಗರದ ಮೂಲದ ದೃಷ್ಟಿಯಿಂದಲೂ ವಿವೇಚಿಸಿದ್ದಾರೆ. ನಾಯಕನ ಶೌರ್ಯ ಮತ್ತು ಶೀಲಗಳಿಗೆ ದೊರೆತ ಗಮನವು ಆ ಅರಮನೆಯ ಹೆಣ್ಣುಮಕ್ಕಳಿಗೆ ದೊರೆತಿಲ್ಲವೆಂಬುದು ಇಲ್ಲಿ ವಿಚಾರಾರ್ಹವಾದ ಸಂಗತಿ.

ಕುಮಾರರಾಮನಿಗೆ ಪರಂಪರೆಯು ಕೊಟ್ಟ ಬಿರುದು ‘ಪರದಾರಸೋದರ’. ಅನ್ಯರ ಮಡದಿಯರೆಲ್ಲರೂ ಆತನಿಗೆ ಒಡಹುಟ್ಟಿದವರು ಎಂಬುದು ಇದರ ಅರ್ಥ. ಯುದ್ಧದಲ್ಲಿ ಹೆಣ್ಣು ಕೊಳ್ಳೆಯ ವಸ್ತುವಾಗಿದ್ದ ಕಾಲದ ನೆನಪನ್ನು ಹೊತ್ತ ಕಥೆಯಲ್ಲಿ ಇದು ಸಣ್ಣ ಆದರ್ಶವಲ್ಲ. ಆದರೂ ಈ ಬಿರುದಿನಲ್ಲಿ ಸೋದರತ್ವವು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಗಂಡು ತನ್ನನ್ನು ಅಣ್ಣನೆಂದು ಘೋಷಿಸಿಕೊಳ್ಳುತ್ತಾನೆ, ಹೆಣ್ಣು ತಂಗಿಯಾಗುತ್ತಾಳೆ. ಆ ತಂಗಿಯರು ತಮ್ಮತಮ್ಮೊಳಗೆ ಏನಾಗುತ್ತಾರೆ ಎಂಬ ಪ್ರಶ್ನೆ ಬಿರುದಿನ ಆಚೆಗೆ ಉಳಿಯುತ್ತದೆ.

ಈ ಪ್ರಶ್ನೆಗೆ ಕಥೆಯ ಒಳಗೇ ಒಂದು ನೆಲೆಯಿದೆ. ಕುಮಾರರಾಮನ ತಾಯಿ ಹರಿಯಲದೇವಿ ಮತ್ತು ಕಿರಿಯ ರಾಣಿ ರತ್ನಾಜಿ ಇಬ್ಬರೂ ಕಂಪಿಲನ ಮಡದಿಯರು. ಕನ್ನಡದ ಮನೆಮಾತಿನಲ್ಲಿ ಕಿರಿಯ ಸವತಿಯು ಹಿರಿಯಳನ್ನು ‘ಅಕ್ಕ’ ಎಂದು ಕರೆಯುವುದು ವಾಡಿಕೆ. ಹೀಗೆ ಭಾಷೆಯು ಅಕ್ಕತಂಗಿಯರೆಂದು ಹೆಸರಿಟ್ಟ ಇಬ್ಬರನ್ನು ಕಥೆಯು ಎರಡು ಧ್ರುವಗಳಾಗಿ ನಿಲ್ಲಿಸುತ್ತದೆ. ಒಬ್ಬಳು ಮಗನಿಗಾಗಿ ಮರುಗುವ ತಾಯಿ. ಇನ್ನೊಬ್ಬಳು ಮಗನ ಸ್ಥಾನದಲ್ಲಿರುವವನನ್ನು ಬಯಸುವ ಮಲತಾಯಿ. ಸಂಬಂಧವಾಚಕ ಪದವಿದೆ, ಸಂಬಂಧವಿಲ್ಲ. ರತ್ನಾಜಿಯ ಒಂಟಿತನವು ಆರಂಭವಾಗುವುದು ಇಲ್ಲಿಂದ.

ಚೆಂಡಾಟದ ಪ್ರಸಂಗವು ಸುಪರಿಚಿತ. ರತ್ನಾಜಿಯ ಅರಮನೆಯಲ್ಲಿ ಬಿದ್ದ ಚೆಂಡನ್ನು ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ. ಅವನು ನಿರಾಕರಿಸಿದಾಗ ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ವಿಚಾರಣೆಯಿಲ್ಲದೆ ರಾಯನು ಮಗನ ತಲೆಯನ್ನು ಕಡಿಯಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸುತ್ತಾನೆ. ದೆಹಲಿಯ ಸೈನ್ಯ ಮುತ್ತಿ, ರಾಯನು ಮಗನಿಗಾಗಿ ಹಂಬಲಿಸಿದಾಗ ಗುಟ್ಟು ಹೊರಬೀಳುತ್ತದೆ. ಆಗ ರತ್ನಾಜಿಯು ತನ್ನ ಜೀವವನ್ನು ತಾನೇ ಕಳೆದುಕೊಳ್ಳುತ್ತಾಳೆ.

ಇಲ್ಲಿರುವುದು ಒಂದಲ್ಲ, ಎರಡು ಗುಟ್ಟು. ಒಂದು ರಾಣಿವಾಸದ್ದು, ಇನ್ನೊಂದು ನೆಲಮನೆಯದು. ಎರಡರಲ್ಲಿಯೂ ರಾಯನಿಗೆ ಸುಳ್ಳು ಹೇಳಲಾಗಿದೆ. ಮೊದಲನೆಯದು ಕೊಲ್ಲಲು ಹೇಳಿದ ಸುಳ್ಳಾದುದರಿಂದ ದ್ರೋಹವೆನಿಸಿತು; ಎರಡನೆಯದು ಉಳಿಸಲು ಹೇಳಿದುದರಿಂದ ಸ್ವಾಮಿನಿಷ್ಠೆಯೆನಿಸಿತು. ಈ ತಾರತಮ್ಯವು ನ್ಯಾಯವೇ ಸರಿ. ಆದರೆ ಎರಡು ಸುಳ್ಳುಗಳ ನಡುವೆ ನಿಂತು, ಕೇಳಿದ ಮಾತನ್ನು ಪರೀಕ್ಷಿಸದೆ ಮರಣದಂಡನೆ ವಿಧಿಸಿದ ತಂದೆಯ ಹೊಣೆಯನ್ನು ಓದುಗರ ಪರಂಪರೆ ಹಗುರವಾಗಿಯೇ ಕಂಡಿದೆ. ತಪ್ಪೆಲ್ಲವೂ ರತ್ನಾಜಿಯ ಹೆಸರಿಗೆ ಸಂದಿತು.

ಮಲತಾಯಿಯ ಮೋಹವು ಅಲೆಮಾರಿ ಆಶಯವೆಂಬುದನ್ನು ಮರೆಯಲಾಗದು. ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆಯರ ಕಥೆ, ತೆಲುಗಿನ ಸಾರಂಗಧರ ಮತ್ತು ಚಿತ್ರಾಂಗಿಯರ ಕಥೆ, ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಹಿಪ್ಪೊಲಿಟಸ್’ ಇದೇ ಬಗೆಯವು. ಕುಣಾಲನು ಕಣ್ಣು ಕಳೆದುಕೊಂಡ, ಸಾರಂಗಧರನು ಕೈಕಾಲು ಕಳೆದುಕೊಂಡ; ಕುಮಾರರಾಮನು ಮಾತ್ರ ಅಂಗಭಂಗವಿಲ್ಲದೆ ನೆಲದಡಿಯಿಂದ ಎದ್ದು ಬಂದ. ನಾಡನ್ನು ಕಾಯುವವನನ್ನು ಕಥೆಯು ಕಾಪಿಡಬೇಕಾಗಿತ್ತು. ಆಶಯವು ಇಷ್ಟು ವ್ಯಾಪಕವಾಗಿರುವಾಗ ರತ್ನಾಜಿಯನ್ನು ಕಂಪಿಲಿಯ ಅವನತಿಗೆ ಚಾರಿತ್ರಿಕ ಸಾಕ್ಷಿಯಾಗಿ ಬಳಸುವುದು ಸಾಧುವಲ್ಲ.

ಚರಿತ್ರೆಯ ಸಾಕ್ಷ್ಯವು ಬೇರೊಂದು ಕಾರಣವನ್ನು ನೀಡುತ್ತದೆ. ಘಟನೆಯಾದ ಕೆಲವೇ ವರ್ಷಗಳ ನಂತರ ದೆಹಲಿಗೆ ಬಂದ ಇಬ್ನ್ ಬತೂತನ ಪ್ರಕಾರ, ಮಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲನು ಆಶ್ರಯ ಕೊಟ್ಟುದೇ ಯುದ್ಧಕ್ಕೆ ಕಾರಣ. 1327ರ ಸುಮಾರಿಗೆ ಸೋಲು ಖಚಿತವಾದಾಗ ರಾಯನು ಆಶ್ರಿತನನ್ನು ಬೇರೆಡೆಗೆ ಕಳುಹಿಸಿ, ಬೆಂಕಿಯನ್ನು ಹೊತ್ತಿಸಿದನು. ಅವನ ಮಡದಿಯರು, ಹೆಣ್ಣುಮಕ್ಕಳು, ಮಂತ್ರಿ ಸಾಮಂತರ ಹೆಂಡಿರು ಮಿಂದು, ಗಂಧ ಪೂಸಿಕೊಂಡು ಅದರೊಳಗೆ ಬಿದ್ದರು. ಆ ರಾಣಿವಾಸದ ಹೆಂಗಸರು ಒಟ್ಟಾಗಿ ಕಾಣುವುದು ಈ ಚಿತ್ರದಲ್ಲಿ; ಅಲ್ಲಿ ಯಾರಿಗೂ ಹೆಸರಿಲ್ಲ.

ಅಳಿವಿನ ನಂತರದ ಮರುಹುಟ್ಟು ಗಂಡಸರ ಪಾಲಿಗೆ ಬಗೆಬಗೆಯಾಗಿ ಒದಗಿತು. ಸೆರೆಯಾದ ರಾಯನ 11 ಮಂದಿ ಗಂಡುಮಕ್ಕಳು ಮತಾಂತರಗೊಂಡು ಸುಲ್ತಾನನ ಅಮೀರರಾದರೆಂದು ಬತೂತನೇ ಹೇಳುತ್ತಾನೆ. ಕಂಪಿಲಿಯ ಸೇವೆಯಲ್ಲಿದ್ದರೆಂದು ಒಂದು ಪರಂಪರೆ ಹೇಳುವ ಹರಿಹರ ಬುಕ್ಕರು ತುಂಗಭದ್ರೆಯ ದಡದಲ್ಲಿ ಹೊಸ ರಾಜ್ಯವನ್ನು ಕಟ್ಟಿದರು. ಅದರ ಸ್ಥಾಪನೆಗೆ ರೂಢಿಯ ವರ್ಷ 1336. ಕಡಿದ ತಲೆಯೇ ಪೂಜೆಗೊಂಡು ಕುಮಾರರಾಮನು ದೈವವಾದನು. ರತ್ನಾಜಿಗೆ ಮಾತ್ರ ಇಂಥ ಯಾವ ಮರುಹುಟ್ಟೂ ಇಲ್ಲ.

ಕುಮಾರರಾಮನ ಶೀಲದ ಹಿರಿಮೆಯನ್ನು ಕುಗ್ಗಿಸುವುದು ಈ ವಿವೇಚನೆಯ ಉದ್ದೇಶವಲ್ಲ. ಹಾಡುಬಲ್ಲ ಛಂದಸ್ಸಿನಲ್ಲಿ ಜನರ ನಡುವೆ ಬಾಳಿದ ಈ ಕಾವ್ಯಗಳು ಒಂದು ನಾಡಿನ ದುಃಖವನ್ನು ಧರಿಸಿವೆ. ಆದರೆ ನಾಡು ಏಕೆ ಅಳಿಯಿತು ಎಂಬ ಪ್ರಶ್ನೆಗೆ ಒಬ್ಬ ಹೆಣ್ಣಿನ ಹೆಸರನ್ನು ಉತ್ತರವಾಗಿ ಕೊಡುವ ಅಭ್ಯಾಸವನ್ನು ಸಂಶೋಧನೆಯು ಮುಂದುವರಿಸಬೇಕಾಗಿಲ್ಲ. ಪರದಾರಸೋದರನ ಕಾವ್ಯವನ್ನು ಆ ಸೋದರಿಯರ ಕಡೆಯಿಂದಲೂ ಓದಿದಾಗಲೇ ಬಿರುದಿನ ಅರ್ಥ ಪೂರ್ಣವಾಗುತ್ತದೆ.