ಗ್ರೀಕರ ಕರಿಮೆರುಗಿನ ಪಾತ್ರೆಗಳು ಮತ್ತು ಅವುಗಳ ಪ್ರತಿಕೃತಿಗಳು

ಗ್ರೀಕ್ ಕುಂಭಕಲೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ವೀರರ ಮತ್ತು ದೇವತೆಗಳ ಚಿತ್ರಗಳುಳ್ಳ ಕಲಶಗಳು. ಆದರೆ ಕ್ರಿ. ಪೂ. 5 ಮತ್ತು 4ನೆಯ ಶತಮಾನಗಳ ಅಥೆನ್ಸಿನ ಮನೆಗಳಲ್ಲಿ ನಿತ್ಯವೂ ಕೈಯಾಡುತ್ತಿದ್ದುವು ಚಿತ್ರವಿಲ್ಲದ, ಬರಿಯ ಕರಿಮೆರುಗಿನ ಬಟ್ಟಲು, ತಟ್ಟೆ, ಉಪ್ಪಿನ ಕುಡಿಕೆಗಳು. ಅಲ್ಲಿನ ಅಗೋರಾದ ಹಾಳುಬಾವಿಗಳಿಂದ ಇಂತಹವು ರಾಶಿಯಾಗಿ ದೊರೆತಿವೆ. ಇವುಗಳ ಪ್ರತಿಕೃತಿಗಳನ್ನು ಕೈಯಿಂದ ಮಾಡಿ ಊಟದ ಮೇಜಿಗೆಂದು ಮಾರುವ ಕುಂಬಾರರು ಇಂದು ಇದ್ದಾರೆ. ಅವರ ಕೆಲಸವನ್ನು ಯಾವ ಮಾನದಂಡದಿಂದ ಅಳೆಯಬೇಕೆಂಬುದೇ ಇಲ್ಲಿಯ ಪ್ರಶ್ನೆ.

ಆ ಕಪ್ಪು ಗಾಜಿನ ಲೇಪವಲ್ಲ, ಬಳಿದ ಬಣ್ಣವೂ ಅಲ್ಲ. ಕಬ್ಬಿಣಾಂಶವುಳ್ಳ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳಕ್ಕಿಳಿದ ಮೇಲೆ ಉಳಿದ ಅತಿ ನವುರಾದ ಭಾಗವನ್ನು ಪಾತ್ರೆಗೆ ಹಚ್ಚುತ್ತಿದ್ದರು. ಸುಡುವುದು ಒಂದೇ ಆವಿಗೆಯಲ್ಲಿ, ಮೂರು ಹಂತಗಳಲ್ಲಿ. ಮೊದಲು ಗಾಳಿಯಾಡಿಸಿದಾಗ ಎಲ್ಲವೂ ಕೆಂಪು. ಬಳಿಕ ಗಾಳಿಗಂಡಿ ಮುಚ್ಚಿ, ಹೊಗೆಯೆಬ್ಬಿಸಿ, ಕಾವನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಿದಾಗ ಎಲ್ಲವೂ ಕಪ್ಪು. ಆಗ ನವುರಾದ ಲೇಪವೊಂದೇ ಕರಗಿ ಬೆಸೆದುಕೊಳ್ಳುವುದು. ಕೊನೆಗೆ ಗಾಳಿಯನ್ನು ಮತ್ತೆ ಬಿಟ್ಟಾಗ ರಂಧ್ರಮಯವಾದ ಮೈ ಕೆಂಪಿಗೆ ಮರಳುವುದು. ಬೆಸೆದ ಲೇಪದೊಳಕ್ಕೆ ಗಾಳಿ ನುಗ್ಗಲಾರದೆ ಅದು ಕಪ್ಪಾಗಿಯೇ ಉಳಿಯುವುದು. ಶತಮಾನಗಳ ಕಾಲ ಮರೆತುಹೋಗಿದ್ದ ಈ ಕ್ರಮವನ್ನು ಜರ್ಮನಿಯ ಥಿಯೊಡೋರ್ ಶೂಮನ್ 1942ರಲ್ಲಿ ಬಿಡಿಸಿ ತೋರಿಸಿದನು. ಬ್ರಹ್ಮಗಿರಿಯಲ್ಲಿ ವೀಲರ್ 1947ರಲ್ಲಿ ಅಗೆಸಿದ ಗೋರಿಗಳ ಕಪ್ಪು-ಕೆಂಪು ಪಾತ್ರೆಗಳನ್ನು ಬಲ್ಲ ನಮಗೆ, ವಿಧಾನ ಬೇರೆಯಾದರೂ, ಆವಿಗೆಯ ಗಾಳಿಯೇ ಬಣ್ಣಗಾರನೆಂಬುದು ತೀರ ಹೊಸ ಮಾತಲ್ಲ.

ಈಗ ಪ್ರತಿಕೃತಿಗಳ ವಿಚಾರ. ಕರಿಯ ಬಣ್ಣ ಬಳಿದು ಮೇಲೆ ಗಾಜುಲೇಪ ಹೊದಿಸಿದುವನ್ನು ನಾವು ಬದಿಗಿಡಬಹುದು. ಅಥೆನ್ಸಿನ ಬಟ್ಟಲಿನ ಸೊಗಸೆಲ್ಲ ಅದರ ಬಾಯಂಚಿನಲ್ಲಿ, ಪಾದದ ಏಣಿನಲ್ಲಿ ಇದೆ. ಮೂಲಲೇಪ ಕೂದಲೆಳೆಗಿಂತಲೂ ತೆಳುವಾದುದರಿಂದ ಆ ಏಣುಗಳು ಹರಿತವಾಗಿ ನಿಲ್ಲುತ್ತವೆ. ದಪ್ಪ ಗಾಜುಲೇಪ ಅವನ್ನು ಮೊಂಡುಮಾಡುತ್ತದೆ. ಕಣ್ಣು ಮೋಸಹೋದರೂ ಬೆರಳು ಹೋಗದು.

ನಿಜವಾದ ತೊಡಕಿರುವುದು ಪ್ರಾಮಾಣಿಕ ಕುಂಬಾರನಿಗೆ. ಹಳೆಯ ಕ್ರಮದಲ್ಲಿ ಸುಟ್ಟ ಪಾತ್ರೆ ಮೆದು. ಅಂಚು ಬೇಗ ಸಿಡಿಯುವುದು, ಲೇಪವಿಲ್ಲದ ಕಡೆ ಎಣ್ಣೆ ಇಂಗುವುದು. ಗಟ್ಟಿಮಾಡಲು ಕಾವನ್ನು ಇನ್ನೂ ಏರಿಸಿದರೆ ಮೈಯೂ ಬೆಸೆದುಕೊಂಡು ಕೆಂಪಿಗೆ ಮರಳಲಾರದು. ಬಾಳಿಕೆ ಬೇಕೆಂದರೆ ನಿಷ್ಠೆ ಕೆಡುತ್ತದೆ. ನನ್ನ ಅಭಿಪ್ರಾಯದಲ್ಲಿ ಮೆದುತನವನ್ನೇ ಒಪ್ಪಬೇಕು. ಅಥೆನ್ಸಿನವರೂ ಒಡೆದುಕೊಂಡರು, ಬಾವಿಗೆಸೆದರು, ಹೊಸತು ಕೊಂಡರು. ಆದರೆ ಅಂದು ಅದು ದಿನಬಳಕೆಯ ಸಾಮಾನು; ಇಂದು ಕೈಕೆಲಸದ ಬೆಲೆ ತೆತ್ತು ಕೊಂಡವನು ಅದನ್ನು ಗಾಜಿನ ಕಪಾಟಿನಲ್ಲಿಟ್ಟರೆ ಅಚ್ಚರಿಯೇನು? ಬಳಕೆಗೆಂದು ಮಾಡಿದ ವಸ್ತು ಅಲ್ಲಿಗೆ ಮತ್ತೆ ಪ್ರದರ್ಶನದ ವಸ್ತುವಾಯಿತು.

ಇನ್ನೊಂದು ಆಕ್ಷೇಪ. ಒಂದರೊಳಗೊಂದು ಪೇರಿಸಿ ಸುಟ್ಟುದರಿಂದ ಹಳೆಯ ಬಟ್ಟಲುಗಳ ಒಳತಳದಲ್ಲಿ ಕೆಂಪು ವರ್ತುಲ ಉಳಿದಿರುವುದುಂಟು. ಇಂದಿನ ಮಾರಾಟಗಾರ ಅಂತಹದನ್ನು ಕೆಟ್ಟುದೆಂದು ತೆಗೆದಿಡುತ್ತಾನೆ. ಗ್ರಾಹಕನ ಕಣ್ಣನ್ನು ತಿದ್ದುವ ಹೊಣೆ ಅವನದಲ್ಲದಿರಬಹುದು. ಆದರೆ ಕೊಳ್ಳುವುದಾದರೆ ನಾನು ಕೊಳ್ಳುವುದು ಆ ತೆಗೆದಿಟ್ಟ ಬಟ್ಟಲನ್ನೇ.