ರಾಗಿ ಬ್ರೆಡ್ಡೂ ಎಚ್‌ಟಿಎಂಎಲ್ಲೂ

ಮಾಗಡಿ, ಕನಕಪುರದ ಹೊಲಗಳ ರಾಗಿ ಮುದ್ದೆಗೆ ಹೇಳಿಮಾಡಿಸಿದ ಧಾನ್ಯ. ಬ್ರೆಡ್ಡಿಗೆ ಅಷ್ಟು ಸುಲಭವಾಗಿ ಬಗ್ಗದು. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವ ಗ್ಲುಟೆನ್ ಗೋಧಿಯಲ್ಲಿದೆ, ರಾಗಿಯಲ್ಲಿಲ್ಲ. ಅದಕ್ಕೇ ಮನೆಯ ಓವನ್ನಿನಲ್ಲಿ ರಾಗಿ ಬ್ರೆಡ್ ಮಾಡುವವರು ಗೋಧಿ ಹಿಟ್ಟನ್ನೇ ಹೆಚ್ಚಿಗೆ ಹಾಕಿ, ರಾಗಿಯನ್ನು ಒಂದು ಪಾಲಷ್ಟೇ ಬೆರೆಸುತ್ತಾರೆ; ಲೋಟದಲ್ಲಿ ಅಳೆಯುವ ಬದಲು ಗ್ರಾಮಿನಲ್ಲಿ ತೂಗುತ್ತಾರೆ. ಕೈಯಳತೆಯ ರುಚಿ ತೂಕದಲ್ಲೆಲ್ಲಿ ಎಂದು ಕೇಳುವವರಿದ್ದಾರೆ. ಮುದ್ದೆ ಗಟ್ಟಿಯಾದರೆ ಒಲೆಯ ಮೇಲೆಯೇ ಸರಿಪಡಿಸಬಹುದು, ಓವನ್ ಸೇರಿದ ಬ್ರೆಡ್ಡನ್ನು ಸರಿಪಡಿಸಲಾಗದು. ತೂಕ ಬರೆದಿಟ್ಟಿದ್ದರೆ ಮುಂದಿನ ಸಲ ನೀರು ಎಷ್ಟು ಹೆಚ್ಚಬೇಕೆಂದಾದರೂ ತಿಳಿಯುತ್ತದೆ. ಪ್ರೋಗ್ರಾಮರುಗಳಿಗೆ ಬೇಕಿಂಗ್ ಹಿಡಿಸುವುದು ಇದಕ್ಕೇ ಇರಬೇಕು: ಹೊರನೋಟವನ್ನು ಒಳರಚನೆ ಹೊತ್ತು ನಿಲ್ಲುವುದು ಎರಡು ಕಡೆಯೂ ಒಂದೇ.

ವೆಬ್ ಪುಟದಲ್ಲಿ ಆ ರಚನೆ ಎಚ್‌ಟಿಎಂಎಲ್. ತಪ್ಪಾಗಿ ಬರೆದರೂ ಬ್ರೌಸರ್ ಪುಟ ತೋರಿಸುತ್ತದಲ್ಲ, ಮಾನದಂಡದ ಗೊಡವೆ ಏಕೆ ಎಂಬ ಆಕ್ಷೇಪವಿದೆ. ನಿಜ, ತಪ್ಪಾಗಿ ಬರೆದ ಎಚ್‌ಟಿಎಂಎಲ್ಲನ್ನು ಹೇಗೆ ಸುಧಾರಿಸಿಕೊಳ್ಳಬೇಕೆಂಬುದನ್ನೂ ಮಾನದಂಡವೇ ಹೇಳುತ್ತದೆ. ಆ ಔದಾರ್ಯ ದೊಡ್ಡದು. ಆದರೆ ಬರೆದವರ ಮನಸ್ಸಿನಲ್ಲಿದ್ದುದನ್ನು ಬ್ರೌಸರ್ ಊಹಿಸಲಾರದು. ಶೀರ್ಷಿಕೆಯೆಂದು ಗುರುತಿಸದ ದಪ್ಪಕ್ಷರದ ಸಾಲನ್ನು ಕಣ್ಣು ಶೀರ್ಷಿಕೆ ಎಂದುಕೊಂಡೀತು. ದೃಷ್ಟಿಯಿಲ್ಲದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅದು ಬರೀ ಸಾಲು. ಚನ್ನಪಟ್ಟಣದ ಗೊಂಬೆ ಅಂಗಡಿಯೊಂದು ಕನ್ನಡದಲ್ಲಿ ಪುಟ ಬರೆದು, ಭಾಷೆಯ ಗುರುತನ್ನು ಮಾತ್ರ ಇಂಗ್ಲಿಷ್ ಎಂದೇ ಬಿಟ್ಟರೆ, ಆ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ತಡವರಿಸಬಹುದು. ‘ಕೆ’, ‘ಎನ್’ ಎಂಬ ಎರಡಕ್ಷರದ ಗುರುತು ಸರಿಯಾಗಿದ್ದರೆ ಕನ್ನಡದ ಧ್ವನಿಯನ್ನೇ ಆರಿಸಿಕೊಳ್ಳಲು ಅದಕ್ಕೆ ದಾರಿಯಾಗುತ್ತದೆ.